ಸರ್ಕಾರದ ಕರೆಂಟು, ಕಂಪನಿಯ ಚಿನ್ನ

ಪ್ರೀತಿಯ ಮಂಜು,

ಮಗು ಹುಟ್ಟಿದ ಸುದ್ದಿ ಓದಿ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಅಮ್ಮ ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಬಾಣಂತಿ ಹುಷಾರಾಗಿದ್ದಾಳೆ ಅನ್ನುವ ಸಾಲು ಬಂದ ಮೇಲೆಯೇ ಅವಳಿಗೆ ಸಮಾಧಾನ. ಸಿಸೇರಿಯನ್ ಆಗಿ, ನಾಲ್ಕು ದಿನ ಅಲ್ಲಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದು ಮನೆಗೆ ಹೊರಟಾಗ ಯಾರೂ ಒಂದು ಬಿಲ್ಲನ್ನೂ ಕೊಡಲಿಲ್ಲ ಅಂತ ಬರೆದಿದ್ದೀಯ. ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ಸಮಾಜವಾದ ಅಂದ್ರೆ ಇದೇ ಕಣೋ. ಕಾಲೇಜಿನಲ್ಲಿ ನಾವು ಮಾತಾಡ್ತಿದ್ದದ್ದು ಇಲ್ಲಿ ಕಣ್ಣೆದುರಿಗೇ ಇದೆ."

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಕಂಡದ್ದು ತುಂಬ ದೊಡ್ಡದು. ಆದರೆ ಅದಕ್ಕೆ ಸಮಾಜವಾದ ಅನ್ನುವ ಹೆಸರು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಯಾಕೆ ಅಂತ ಹೇಳಲು ನಮ್ಮ ಪಕ್ಕದ ಊರು ಕೆಜಿಎಫ್‌ಗೇ ಬರುತ್ತೇನೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರಲ್ಲ, ಅದು ಮೈಸೂರು ಸರ್ಕಾರದ ಕೆಲಸ. ಇದನ್ನು ಶಾಲೆಯಲ್ಲಿ ಎಷ್ಟು ಹೆಮ್ಮೆಯಿಂದ ಓದಿದ್ದೆವು! ಆ ಕರೆಂಟು ಮೊದಲು ಹೋದದ್ದು ಎಲ್ಲಿಗೆ ಹೇಳು. ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆಜಿಎಫ್‌ಗೆ, ಕೊಟ್ಟರು. ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಇಂಗ್ಲೆಂಡಿನ ಕಂಪನಿ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಕರೆಂಟು ಸರ್ಕಾರದ್ದು, ಅದರಿಂದ ಮೇಲೆ ಬಂದ ಚಿನ್ನದ ಲಾಭ ಕಂಪನಿಯದ್ದು. ಮಹಾರಾಜರ ಸರ್ಕಾರವನ್ನು ಸಮಾಜವಾದಿ ಅಂತ ಆಗ ಯಾರೂ ಕರೆಯಲಿಲ್ಲ. ಸರ್ಕಾರಕ್ಕೂ ಆದಾಯ ಬೇಕಿತ್ತು, ಗಣಿಗೂ ಕರೆಂಟು ಬೇಕಿತ್ತು. ಬಂಡವಾಳ ಹಾಕುವವರು ದಾರಿ, ನೀರು, ರೈಲು, ಕರೆಂಟನ್ನೆಲ್ಲ ತಾವೇ ಕಟ್ಟಿಕೊಂಡು ಕೂರುವುದಿಲ್ಲ. ಯಾರಾದರೂ ಕಟ್ಟಿಕೊಡಬೇಕು.

ಹಾಗಾದರೆ ಗಣಿಯೇ ಸರ್ಕಾರದ್ದಾದರೆ? ಅದೂ ಆಯಿತು. 1956ರ ಕೊನೆಗೆ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. ಬೋರ್ಡು ಬದಲಾಯಿತು. ಕೆಳಗೆ ಇಳಿಯುವವರು ಮಾತ್ರ ಇಳಿಯುತ್ತಲೇ ಇದ್ದರು. ಅಲ್ಲಿನ ಚಾಂಪಿಯನ್ ರೀಫ್ ಅನ್ನುವ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಅಲ್ಲಿ ಬಂಡೆಯೇ ಬಿಸಿ. ಕಲ್ಲಿನ ಧೂಳು ಎದೆಗೆ ಹೋಗಿ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತಿತ್ತು. ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ದಲಿತ ಕುಟುಂಬಗಳವರು. ತಲೆಮಾರುಗಳಿಂದ ಗಣಿಯ ಲೈನ್ ಮನೆಗಳಲ್ಲಿ ಬದುಕಿದವರು. ಎಷ್ಟು ಆಳಕ್ಕೆ ಹೋಗಬೇಕು, ಯಾವ ಶಾಫ್ಟ್ ನಿಲ್ಲಿಸಬೇಕು, ದುಡ್ಡು ಎಲ್ಲಿಗೆ ಹಾಕಬೇಕು ಅನ್ನುವುದನ್ನು ಅವರು ಕಂಪನಿಯ ಕಾಲದಲ್ಲೂ ತೀರ್ಮಾನಿಸಲಿಲ್ಲ, ಸರ್ಕಾರದ ಕಾಲದಲ್ಲೂ ತೀರ್ಮಾನಿಸಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆ ತೀರ್ಮಾನವೂ ಮೇಲಿನಿಂದಲೇ ಬಂತು. ಕಾರ್ಮಿಕ ಸಂಘಗಳು ಕೋರ್ಟಿಗೆ ಹೋದವು. ಈಗಲೂ ಅಲ್ಲಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಸಯನೈಡ್ ಗುಡ್ಡಗಳೇ.

ಸಮಾಜವಾದ ಅಂದಾಗ ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಇದು, ಮಂಜು. ದುಡಿಯುವವನಿಗೆ ತನ್ನ ದುಡಿಮೆಯ ಮೇಲೆ ಹಿಡಿತ ಇದೆಯಾ? ಹುಟ್ಟಿದ ಲಾಭ ಎಲ್ಲಿಗೆ ಹೋಗಬೇಕು ಅಂತ ಹೇಳುವ ಹಕ್ಕು ಇದೆಯಾ? ಸರ್ಕಾರ ಏನು ಕೊಟ್ಟಿತು ಅನ್ನುವುದು ಇನ್ನೊಂದು ಪ್ರಶ್ನೆ. ಎರಡನ್ನೂ ನಾವು ಬೆರೆಸಿಬಿಡುತ್ತೇವೆ.

ಗಣಿ ನಿಂತ ಮೇಲೆ ಕೆಜಿಎಫ್‌ನವರನ್ನು ಬದುಕಿಸಿದ್ದು ರೈಲು. ಬೆಳಗ್ಗೆ ಕತ್ತಲಿರುವಾಗಲೇ ಹೊರಟು, ಬಂಗಾರಪೇಟೆ ದಾಟಿ ಬೆಂಗಳೂರಿಗೆ. ಆ ರೈಲಿನಲ್ಲಿ ನಾನೂ ಎರಡು ವರ್ಷ ಓಡಾಡಿದೆ. ಕಂಬಿ ಹಿಡಿದು ನಿಂತುಕೊಂಡೇ ನಿದ್ದೆ ಮಾಡುವ ಹುಡುಗರು, ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತ ಹೆಂಗಸರು. ತಿಂಗಳ ಪಾಸು ಇಲ್ಲದಿದ್ದರೆ ಆ ಸಂಬಳಕ್ಕೆ ಅಷ್ಟು ದೂರ ಹೋಗಿ ಬರಲು ಆಗುತ್ತಲೇ ಇರಲಿಲ್ಲ. ಆ ಪಾಸು ಕಿತ್ತುಕೊಳ್ಳಲು ಬಂದರೆ ಮೊದಲು ಜಗಳಕ್ಕೆ ನಿಲ್ಲುವವನು ನಾನು. ಆದರೆ ರೈಲು ಅವರನ್ನು ಇಳಿಸುವುದು ಎಲ್ಲಿ? ಯಾರದೋ ಫ್ಯಾಕ್ಟರಿ, ಯಾರದೋ ಅಂಗಡಿ, ಯಾರದೋ ಆಫೀಸಿನ ಹೌಸ್‌ಕೀಪಿಂಗ್ ಕೆಲಸಕ್ಕೆ. ಅಂದು ಸರ್ಕಾರದ ತಂತಿ ಕರೆಂಟು ಹೊತ್ತು ಕಂಪನಿಗೆ ಕೊಟ್ಟಿತು. ಇಂದು ಸರ್ಕಾರದ ರೈಲು ಜನರನ್ನು ಹೊತ್ತು ಕೊಡುತ್ತಿದೆ.

ನಿಮ್ಮ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ ವಿಷಯಕ್ಕೆ ಬರುತ್ತೇನೆ. 1948ರ ಜುಲೈ 5ಕ್ಕೆ ಅದು ಶುರುವಾದಾಗ ಆರೋಗ್ಯ ಮಂತ್ರಿಯಾಗಿದ್ದ ಅನ್ಯೂರಿನ್ ಬೆವನ್ ಗಟ್ಟಿ ಸಮಾಜವಾದಿ. ಗಣಿಯಲ್ಲಿ ದುಡಿದು ಬಂದ ಮನುಷ್ಯ. ತಮ್ಮದೇ ಸರ್ಕಾರ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ದುಡ್ಡು ಕೇಳಲು ಹೊರಟಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಅವರ ಮೇಲೆ ನನಗೆ ಅಪಾರ ಗೌರವ. ಕಾಯಿಲೆಯನ್ನು ವ್ಯಾಪಾರದಿಂದ ಹೊರಗೆ ತಂದದ್ದು ಸಣ್ಣ ಕೆಲಸವಲ್ಲ. ಆದರೆ ಆ ವ್ಯವಸ್ಥೆಯ ನಕ್ಷೆಗೆ ದಾರಿ ಮಾಡಿದ 1942ರ ವರದಿ ಬರೆದ ಬೆವೆರಿಡ್ಜ್ ಸಮಾಜವಾದಿಯಲ್ಲ, ಆಮೇಲೆ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೆ ಹೋದವರು. ಕಾಯಿಲೆ ಬಂದಾಗ ಮೊದಲು ನೋಡುವ ನಿಮ್ಮ ಜಿಪಿ ಡಾಕ್ಟರುಗಳಲ್ಲಿ ಬಹಳ ಮಂದಿ ಇವತ್ತಿಗೂ ಸರ್ಕಾರಿ ನೌಕರರಲ್ಲ, ಗುತ್ತಿಗೆಯ ಮೇಲೆ ಸ್ವಂತ ಕ್ಲಿನಿಕ್ ನಡೆಸುವವರು. ಔಷಧಿ ಬರುವುದು ಖಾಸಗಿ ಕಂಪನಿಗಳಿಂದ. ಇದಕ್ಕೂ ಹಿಂದೆ, 1883ರಲ್ಲಿ, ಕಾರ್ಮಿಕರಿಗೆ ಆರೋಗ್ಯ ವಿಮೆ ತಂದದ್ದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸುವ ಕಾನೂನನ್ನು 1878ರಲ್ಲಿ ತಂದದ್ದೂ ಅವನೇ. ಕಾರ್ಮಿಕರು ಆ ಕಡೆ ಹೋಗದಿರಲಿ ಅಂತಲೇ ವಿಮೆ ಕೊಟ್ಟ.

ನಿನ್ನ ಮಾತಿಗೂ ಬಲವಿದೆ. ಅದನ್ನು ಮುಚ್ಚಿಡಬಾರದು. 1976ರಲ್ಲಿ ನಮ್ಮ ಸಂವಿಧಾನದ ಪೀಠಿಕೆಗೆ ಸೇರಿದ ಸಮಾಜವಾದಿ ಅನ್ನುವ ಪದವನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ದೇಶದ ಮಟ್ಟಿಗೆ ಅದರ ಅರ್ಥ ಜನರ ಒಳಿತು ನೋಡುವ ರಾಜ್ಯ, ಎಲ್ಲರಿಗೂ ಸಮಾನ ಅವಕಾಶ. ಖಾಸಗಿ ಉದ್ಯಮ ಬೇಡ ಅಂತಲ್ಲ ಅಂದಿತು. ಅಂದರೆ ನಿನ್ನ ಅರ್ಥವನ್ನೇ ಹಿಡಿಯಿತು. ಕಾನೂನಿಗೆ ಅದು ಸಾಕಿರಬಹುದು. ನನಗೆ ಸಾಲದು.

ಸುಮ್ನೆ ಒಂದು ಹೆಸರಿಗೆ ಯಾಕೆ ಇಷ್ಟು ಜಗ್ಗಾಟ ಅಂತ ನೀನು ಕೇಳಬಹುದು. 2023ರ ಜೂನ್ 11ರಿಂದ ಇಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳು ಫ್ರೀ ಅಲ್ವಾ? ಮೊದಲು ತಂಗಿಯ ಮನೆಗೆ ಹೋಗಲೂ ಗಂಡನ ಹತ್ತಿರ ಕೈಚಾಚುತ್ತಿದ್ದವರು ಈಗ ತಾವೇ ಹೊರಡುತ್ತಾರೆ. ಅದನ್ನು ನೋಡಿದರೆ ನನ್ನ ಕಣ್ಣು ತುಂಬುತ್ತದೆ. ಬೇಡ ಅನ್ನುವವರು ಇದನ್ನು ಸಮಾಜವಾದ ಅಂತ ಬೈಯುತ್ತಾರೆ. ಬೇಕು ಅನ್ನುವ ನಾವೂ ಅದೇ ಹೆಸರಿಟ್ಟು ಹೊಗಳಿದರೆ, ಬಸ್ಸು ಇಳಿದ ಮೇಲಿನ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಗಾರ್ಮೆಂಟ್ಸ್ ಗೇಟಿನೊಳಗೆ ಹೋದ ಮೇಲೆ ಗಂಟೆಗೆ ಎಷ್ಟು ಪೀಸು ಅಂತ ಗೊತ್ತು ಮಾಡುವವರು ಯಾರು? ಓವರ್‌ಟೈಮ್ ಬೇಡ ಅಂದರೆ ಏನಾಗುತ್ತದೆ? ಅದನ್ನು ಕೇಳುವ ಪದ ಒಂದು ನಮ್ಮ ಹತ್ತಿರ ಉಳಿದಿರಬೇಕು.

ಒಂದು ಕೆಲಸ ಮಾಡ್ತೀಯಾ? ರಾತ್ರಿಯೆಲ್ಲ ಪಕ್ಕದಲ್ಲಿದ್ದು ಮಗುವಿಗೆ ಹಾಲು ಕುಡಿಸಲು ಕಲಿಸಿಕೊಟ್ಟ ನರ್ಸಮ್ಮನ ಬಗ್ಗೆ ಬರೆದಿದ್ದೆಯಲ್ಲ, ಮತ್ತೆ ಸಿಕ್ಕರೆ ಅವರನ್ನು ಮಾತಾಡಿಸು. 2022ರ ಡಿಸೆಂಬರಿನಲ್ಲಿ ಅಲ್ಲಿನ ನರ್ಸುಗಳು ಸಂಬಳಕ್ಕಾಗಿ ಮುಷ್ಕರ ಮಾಡಿದರು. ಅವರೂ ಇದ್ದರಾ ಕೇಳು. ವಾರ್ಡಿನಲ್ಲಿ ಎಷ್ಟು ಜನ ನರ್ಸುಗಳು ಇರಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದಾ ಕೇಳು. ಅವರು ಏನು ಹೇಳಿದರು ಅಂತ ನನಗೆ ಬರೆ. ನನ್ನ ಮಾತು ತಪ್ಪು ಅಂತ ಅವರು ಅಂದರೆ ಅದನ್ನೂ ಬರೆ.

ಮಗುವಿನ ಫೋಟೋ ಕಳಿಸು. ಅಮ್ಮ ದಿನಾ ಕೇಳುತ್ತಾಳೆ.

ನಿನ್ನ ಗೆಳೆಯ