ಮಗು ಅಳುತ್ತಿರುವಾಗಲೂ ‘ಲಿಮಿಟ್ಸ್’ ಲೆಕ್ಕವೇ?

ಮಾನ್ಯ ಸಂಪಾದಕರೇ,

ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಮನೆಯಿಂದ ಕೆಲಸದ ಹುಡುಗಿಯನ್ನು ಬಿಡಿಸಿದ ಸುದ್ದಿ ಓದಿದೆ. ‘ಅಧಿಕಾರಿಗಳ ತ್ವರಿತ ಕಾರ್ಯಾಚರಣೆ’ ಅಂತ ಹಾಕಿದ್ದೀರಿ. ಮೈ ಉರಿದುಹೋಯಿತು. ಮೊದಲು ಫೋನ್ ಮಾಡಿದ್ದು ನಾನು. ಎಂಥ ತ್ವರಿತ ಅಂತ ಹೇಳುತ್ತೇನೆ, ಕೇಳಿ.

ಆ ರಾತ್ರಿ ಜಿಟಿಜಿಟಿ ಮಳೆಯಲ್ಲಿ ಹುಡುಗಿ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಕೂತು ಅಳುತ್ತಾ ಕುಕ್ಕರ್ ಉಜ್ಜುತ್ತಿದ್ದಳು. ಹತ್ತು ವರ್ಷ ಇರಬಹುದು. ಮೊಣಕೈ ಕೆಳಗೆ ಬರೆ ಹಾಕಿದ ಗುರುತು. 14ರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 2006ರಿಂದಲೇ ನಿಷೇಧ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಎಲ್ಲ ಕೇಳಿಕೊಂಡರು, ಬರೆದುಕೊಂಡರು. ಯಾರೂ ಬರಲಿಲ್ಲ. ಠಾಣೆಗೆ ಹೋದರೆ ‘ಆ ರಸ್ತೆ ನಮ್ಮ ಲಿಮಿಟ್ಸ್ ಅಲ್ಲಮ್ಮ’ ಅಂದರು. ಇನ್ನೊಂದು ಠಾಣೆಯಲ್ಲಿ ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ ಅಂತ ಬೆಂಚಿನ ಮೇಲೆ ಕೂರಿಸಿದರು. ನನ್ನ ಆಧಾರ್ ಕೊಡಬೇಕಂತೆ, ಗಂಡನ ಹೆಸರು ಹೇಳಬೇಕಂತೆ. ಮೇಲೆ ‘ಆ ಮನೆಯವರ ಜೊತೆ ನಿಮಗೇನು ಜಗಳ?’ ಅಂತ ಪ್ರಶ್ನೆ ಬೇರೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಅಂತ 2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಅದನ್ನು ನಾನು ಇವರಿಗೆ ಹೇಳಿಕೊಡಬೇಕಾ?

ಮರುದಿನ ಪೊಲೀಸರು ಬಂದರು. ಜೀಪು, ಯೂನಿಫಾರ್ಮ್, ಲಾಠಿ. ಮನೆಯೊಡತಿ ಎದುರಿಗೇ ನಿಂತಿದ್ದಾಳೆ, ‘ಯಾರಾದ್ರೂ ಹೊಡೀತಾರೇನಮ್ಮಾ?’ ಅಂತ ಮಗುವನ್ನು ಕೇಳುತ್ತಾರೆ. ಅವಳು ಒಡತಿಯ ಮುಖ ನೋಡಿದಳು, ಇಲ್ಲ ಅಂತ ತಲೆಯಾಡಿಸಿದಳು. ಜೀಪು ವಾಪಸ್. ಮಕ್ಕಳ ಹತ್ತಿರ ಮಾತಾಡುವಾಗ ಆದಷ್ಟು ಮಫ್ತಿಯಲ್ಲಿರಬೇಕು, ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಅಂತ ನಿಯಮ ಇದೆ. ಆ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ?

ಹೋಗುವಾಗ ‘ಎದುರು ಮನೆ ಮೇಡಂ ಕಂಪ್ಲೇಂಟ್ ಕೊಟ್ಟಿದ್ದಾರೆ’ ಅಂತ ಆ ಮನೆಯವರಿಗೇ ಹೇಳಿ ಹೋದರು. ಆವತ್ತಿನಿಂದ ನಮ್ಮ ಗೇಟಿನ ಮುಂದೆ ಕಸ ಸುರಿಯುತ್ತಿದ್ದಾರೆ, ಬೈಗುಳ ಕೇಳಿಸುತ್ತಿದೆ. ಮಗಳನ್ನು ಒಬ್ಬಳೇ ಟ್ಯೂಷನ್‌ಗೆ ಕಳಿಸೋಕೆ ಹೆದರಿಕೆ. ಇನ್ನು ಯಾರು ತಾನೇ ಫೋನ್ ಮಾಡುತ್ತಾರೆ? ಕೊನೆಗೆ ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲು ತಟ್ಟಿದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಮಗು ಹೊರಗೆ ಬಂದಿದ್ದು ಆಮೇಲೆ. ನಿಮ್ಮ ವರದಿಯಲ್ಲಿ ಆಕೆಯ ಸುದ್ದಿಯೇ ಇಲ್ಲ. ಫೋಟೊದಲ್ಲಿರುವುದು ಸಾಹೇಬರು.

ಇಲ್ಲಿನ ಕಚೇರಿಗಳೆಲ್ಲ ಹೀಗೇ. ಅಂಗನವಾಡಿ ಮುಂದಿನ ಮೋರಿಗೆ ಚಪ್ಪಡಿ ಹಾಕಿ ಅಂದರೆ ನಗರಸಭೆಯವರು ಲೋಕೋಪಯೋಗಿ ಅನ್ನುತ್ತಾರೆ, ಅವರು ನಗರಸಭೆ ಅನ್ನುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಮಗು ಅದರಲ್ಲಿ ಬಿದ್ದು ಕೈ ಮುರಿದುಕೊಂಡಿತು. ಬೀದಿದೀಪವಂತೂ ಕೇಳಲೇಬೇಡಿ. ಸಾಹೇಬರಿಗೆ ಸ್ವಾಗತದ ಫ್ಲೆಕ್ಸ್ ಕಟ್ಟುವಾಗ ಮಾತ್ರ ಜಾಗ ಯಾರದ್ದು ಅಂತ ಯಾರೂ ಕೇಳಲ್ಲ.

ಒಡತಿಯ ಎದುರಿಗೇ ಮಗುವನ್ನು ಕೇಳಿ ವಾಪಸ್ ಹೋದ ಪೊಲೀಸ್ ಅಧಿಕಾರಿ ಮೇಲೆ ಕ್ರಮ ಆಗಬೇಕು. ಸುಮ್ನೆ ವರ್ಗ ಮಾಡಿ ಕೈತೊಳೆದುಕೊಳ್ಳುವುದು ಬೇಡ, ಅಲ್ಲಿಯೂ ಮಕ್ಕಳಿರುತ್ತಾರೆ ಅಲ್ವಾ? 1098ಕ್ಕೆ ಫೋನ್ ಬಂದರೆ ಓಡಿಬರುವಷ್ಟು ಜನರನ್ನು ಕೊಡಿ. ಕೊಡೋಕೆ ಆಗದಿದ್ದರೆ ಗೋಡೆಗೋಡೆಗೂ ಆ ನಂಬರ್ ಬರೆಸುವುದು ಯಾಕೆ? ದೂರು ಕೊಟ್ಟವರ ಹೆಸರು ಬಾಯಿಬಿಡುವವರ ಸಂಬಳ ಹಿಡಿಯಿರಿ. ಜಿಲ್ಲಾಡಳಿತದಲ್ಲಿ ಇದನ್ನೆಲ್ಲ ಕೇಳುವವರೇ ಇಲ್ಲವೇ? ನಾಚಿಕೆ ಆಗಬೇಕು ಇವರಿಗೆ.

– ನೊಂದ ಗೃಹಿಣಿ, ಹಳೇ ಬಸ್ ಸ್ಟ್ಯಾಂಡ್ ಹಿಂಭಾಗ