ಗೊಂಬೆ ಸಾಲಿನಲ್ಲಿ ಇಚಿರೊ

ಬೆಲ್‌ವ್ಯೂ
ಅಕ್ಟೋಬರ್ 1, 2022

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಇಬ್ಬರೂ ಬರೀ ಅತ್ತೆವು. ಬಾಸ್ಟನ್ನಿನಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ನೀನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು "ಅಮ್ಮಾ, ಅಮ್ಮಾ" ಅನ್ನುತ್ತಿದ್ದೆ. ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಬೆಳಗ್ಗೆ ಕಾಫಿ ಕುಡಿದು ಬರೆಯಲು ಕೂತಿದ್ದೇನೆ. ಮನೆಯಲ್ಲಿ ಏನೇನಾಯಿತು ಅಂತ ನಿನಗೆ ಪೂರ್ತಿ ಹೇಳಬೇಕು.

ಮೊದಲು ಕಳೆದ ಭಾನುವಾರದ ವಿಷಯ. ಮಹಾಲಯ ಅಮಾವಾಸ್ಯೆ. ಗೊಂಬೆ ಕೂರಿಸಲು ನಾನು ಮೆಟ್ಟಿಲು ಜೋಡಿಸುತ್ತಿದ್ದೆ. ಟೀವಿಯಲ್ಲಿ ಕಾನ್ಸಾಸ್ ಸಿಟಿಯ ಬೇಸ್‌ಬಾಲ್ ಆಟ. ನಮ್ಮ ಸಿಯಾಟಲ್ ಮ್ಯಾರಿನರ್ಸ್ 11, ಅಲ್ಲಿನ ರಾಯಲ್ಸ್ 2. ನಿಮ್ಮಪ್ಪ ನೆಮ್ಮದಿಯಾಗಿ ಪೆಟ್ಟಿಗೆಯಿಂದ ಒಂದೊಂದೇ ಗೊಂಬೆ ಬಿಚ್ಚಿ ಒರೆಸಿ ಕೊಡುತ್ತಿದ್ದರು. ಆರನೇ ಇನಿಂಗ್ಸ್‌ನಲ್ಲಿ ರಾಯಲ್ಸ್ 11 ರನ್ ಹೊಡೆದರು. ಒಂದೇ ಇನಿಂಗ್ಸ್‌ನಲ್ಲಿ! ಕೊನೆಗೆ 13-12ಕ್ಕೆ ಸೋತೆವು. ಅಪ್ಪ ಅಂಗಡಿ ಶೆಟ್ಟರ ಗೊಂಬೆಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನೇ ಹೋಗಿ ಇಸಿದುಕೊಂಡೆ.

ಆ ರಾತ್ರಿ ನೀನು ಫೋನ್ ಮಾಡಿ, "ಇನ್ನು ನೋಡಲ್ಲ ಅಮ್ಮ. ಸಾಕು. ಪ್ರತಿ ವರ್ಷ ಇದೇ ಆಯ್ತು" ಅಂದೆ. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ನನ್ನ ಹತ್ತಿರ ಏನಿತ್ತು? ನೀನು ಹುಟ್ಟಿದ್ದು 2001ರ ನವೆಂಬರಿನಲ್ಲಿ. ಆ ವರ್ಷ ಮ್ಯಾರಿನರ್ಸ್ 116 ಆಟ ಗೆದ್ದು, 1906ರಿಂದ ಶಿಕಾಗೋದ ಕಬ್ಸ್ ತಂಡದ ಹೆಸರಿನಲ್ಲಿದ್ದ ದಾಖಲೆಯನ್ನು ಸರಿಗಟ್ಟಿದ್ದರು. ಅಕ್ಟೋಬರಿನಲ್ಲಿ, ಸೀಸನ್ ಮುಗಿದ ಮೇಲೆ ಮೇಲಿನ ತಂಡಗಳಷ್ಟೇ ಆಡುವ ಪ್ಲೇಆಫ್‌ನಲ್ಲಿ, ನ್ಯೂಯಾರ್ಕಿನ ಯಾಂಕೀಸ್ ಎದುರು ಸೋತರು. ತುಂಬು ಬಸುರಿ ನಾನು ನಿಮ್ಮಪ್ಪನಿಗೆ, "ಮುಂದಿನ ವರ್ಷ ಇದೆಯಲ್ಲ ಬಿಡಿ" ಅಂದಿದ್ದೆ. ಆ ಮುಂದಿನ ವರ್ಷ ಬರಲೇ ಇಲ್ಲ. ನೀನು ಹುಟ್ಟಿದ ಮೇಲೆ ನಮ್ಮ ತಂಡ ಒಂದೇ ಒಂದು ಪ್ಲೇಆಫ್ ಆಟ ಆಡಿಲ್ಲ. ಅಮೆರಿಕದ ನಾಲ್ಕು ದೊಡ್ಡ ಆಟಗಳಲ್ಲಿ ಇಷ್ಟು ವರ್ಷದಿಂದ ಕಾಯುತ್ತಿದ್ದ ತಂಡ ಇನ್ನೊಂದಿರಲಿಲ್ಲ.

ನಿಮ್ಮಪ್ಪನಿಗೆ ತಡೆದುಕೊಳ್ಳುವುದಕ್ಕೆ 1995 ಇತ್ತು. ಅವರು ರೆಡ್‌ಮಂಡ್‌ಗೆ ಕೆಲಸಕ್ಕೆ ಬಂದ ವರ್ಷ ಅದು. ಆಗಸ್ಟಿನಲ್ಲಿ ಏಂಜಲ್ಸ್ ತಂಡಕ್ಕಿಂತ 13 ಆಟ ಹಿಂದಿದ್ದ ನಮ್ಮ ತಂಡ ಸೀಸನ್ ಮುಗಿಯುವ ಹೊತ್ತಿಗೆ ಸಮಕ್ಕೆ ಬಂದು, ಅಕ್ಟೋಬರ್ 2ರಂದು ಆಗಿನ ನಮ್ಮ ಸ್ಟೇಡಿಯಂ ಕಿಂಗ್‌ಡೋಮ್‌ನಲ್ಲಿ ಒಂದೇ ಆಟದ ನಿರ್ಣಯದಲ್ಲಿ 9-1ಕ್ಕೆ ಗೆದ್ದಿತು. ರ‍್ಯಾಂಡಿ ಜಾನ್ಸನ್ ಎಸೆದ ಆಟ. ನಾಲ್ಕು ಜನ ಬ್ರಹ್ಮಚಾರಿಗಳ ಬಾಡಿಗೆ ಮನೆ, ಒಂದು ರೇಡಿಯೊ, ಅದರಲ್ಲಿ ವೀಕ್ಷಕ ವಿವರಣೆಗಾರ ಡೇವ್ ನೀಹೌಸ್ ಧ್ವನಿ. ನಿಯಮ ಏನೂ ತಿಳಿಯದೆ ಬರೀ ಆ ಧ್ವನಿ ಕೇಳಿಯೇ ಈ ಆಟ ಕಲಿತೆ ಅಂತ ಅಪ್ಪ ಎಷ್ಟು ಸಲ ಹೇಳಿಲ್ಲ! ನೀಹೌಸ್ 2010ರಲ್ಲಿ ತೀರಿಕೊಂಡಾಗ ಅವರು ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತಿದ್ದರು. ನಿನ್ನೆ ಅವರನ್ನೂ ತುಂಬಾ ನೆನೆಸಿಕೊಂಡರು.

ನಿನ್ನ ಹತ್ತಿರ ಅಂಥ ವರ್ಷ ಯಾವುದೂ ಇರಲಿಲ್ಲ. ನಿನ್ನ ಹತ್ತಿರ ಇದ್ದದ್ದು ಚೆಂಡು ಎಸೆಯುವ ನಮ್ಮ ಪಿಚರ್ ಫೆಲಿಕ್ಸ್ ಹರ್ನಾಂಡೆಸ್. 2005ರಿಂದ 2019ರವರೆಗೆ ನಮಗಾಗಿ ಎಸೆದ. 2012ರಲ್ಲಿ ಎದುರಾಳಿಯ ಒಬ್ಬನನ್ನೂ ಬೇಸ್ ತಲುಪಲು ಬಿಡದೆ ಪರ್ಫೆಕ್ಟ್ ಗೇಮ್ ಎಸೆದ. ಒಂದು ಪ್ಲೇಆಫ್ ಕೂಡ ಕಾಣದೆ ಹೋದ. ಅವನ ಕೊನೆಯ ಆಟದ ದಿನ ನೀನು ಹಳದಿ ಟೀ ಶರ್ಟಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಸಲ ಪ್ಲೇಆಫ್ ಸೇರಲು ಇನ್ನೆಷ್ಟು ಬೇಕು ಅಂತ ಲೆಕ್ಕ ಹಾಕಿ ನೀನು ಫ್ರಿಜ್ಜಿನ ಮೇಲೆ ಅಂಟಿಸಿ ಹೋದ ಹಾಳೆ ಹಾಗೇ ಇದೆ. ನಾವು ಒಂದು ಗೆದ್ದರೆ ಒಂದು ಕಳೆ, ನಮ್ಮ ಜೊತೆ ಪೈಪೋಟಿಯಲ್ಲಿದ್ದ ಬಾಲ್ಟಿಮೋರಿನವರು ಒಂದು ಸೋತರೆ ಇನ್ನೊಂದು ಕಳೆ. ನೀನು ನೋಡುವುದು ಬಿಟ್ಟ ಮೇಲೂ ನಾನು ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಪೆನ್ಸಿಲ್ ತೆಗೆದುಕೊಂಡು ಅಂಕಿ ಹೊಡೆಯುತ್ತಿದ್ದೆ. ನಿನ್ನೆ ಬೆಳಗ್ಗೆ ಉಳಿದದ್ದು 1.

ನಿನ್ನೆ ನವರಾತ್ರಿ ಶುಕ್ರವಾರ. ಕುಂಕುಮಕ್ಕೆ ಎಂಟು ಜನ ಬಂದಿದ್ದರು. ಕಡಲೆಕಾಳು ಉಸ್ಲಿ, ರವೆ ಉಂಡೆ ಮಾಡಿದ್ದೆ. ಟೀವಿ ಧ್ವನಿ ಪೂರ್ತಿ ತೆಗೆದು ಇಟ್ಟಿದ್ದೆವು. ಏಳೂವರೆ ಹೊತ್ತಿಗೆ ಬಾಲ್ಟಿಮೋರ್ ಗೆದ್ದ ಸುದ್ದಿ ಬಂತು. ಅವರು ಆಡಿದ್ದು ಯಾಂಕೀಸ್ ಮೇಲೆ. ಜೀವನದಲ್ಲಿ ಮೊದಲ ಸಲ ನಿಮ್ಮಪ್ಪ ಯಾಂಕೀಸ್ ಗೆಲ್ಲಲಿ ಅಂತ ಬೇಡಿಕೊಂಡಿದ್ದರು. ಅದೂ ಆಗಲಿಲ್ಲ. ಇನ್ನು ನಾವೇ ಗೆಲ್ಲಬೇಕಿತ್ತು.

ನಮ್ಮ ಎದುರಾಳಿ ಓಕ್‌ಲ್ಯಾಂಡಿನವರು ಪಟ್ಟಿಯಲ್ಲಿ ಕಟ್ಟಕಡೆಗಿದ್ದರೂ ಬಿಟ್ಟುಕೊಡಲಿಲ್ಲ. ನಮ್ಮ ಲೋಗನ್ ಗಿಲ್ಬರ್ಟ್ ಎಂಟು ಇನಿಂಗ್ಸ್ ಎಸೆದ, ಕೊಟ್ಟಿದ್ದು ಒಂದೇ ರನ್. ಆದರೆ ನಮ್ಮದೂ ಒಂದೇ. 1-1. ಬಂದವರಿಗೆ ತಾಂಬೂಲ ಕೊಟ್ಟು ಆಗಿತ್ತು, ಆದರೂ ಯಾರೂ ಹೊರಡಲಿಲ್ಲ. ಒಬ್ಬರಂತೂ ಒಂದು ದಿನವೂ ಬೇಸ್‌ಬಾಲ್ ನೋಡಿದವರಲ್ಲ. ಎಲೆ ಅಡಿಕೆ ಮಡಿಲಲ್ಲಿ ಇಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತು, "ಈಗ ಏನಾಗಬೇಕು?" ಅಂತ ಕೇಳುತ್ತಲೇ ಇದ್ದರು.

ಒಂಬತ್ತನೇ ಇನಿಂಗ್ಸ್. ಇಬ್ಬರು ಔಟ್. ಬೇರೆಯವನ ಬದಲು ಕ್ಯಾಲ್ ರಾಲಿ ಬ್ಯಾಟ್ ಹಿಡಿದು ಬಂದ. ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಸ್ಟ್ರೈಕ್ ಆದರೆ ಅವನೂ ಔಟ್. ಅಪ್ಪ ಎದ್ದು ಗೊಂಬೆಗಳ ಮುಂದೆ ಹೋಗಿ ನಿಂತುಬಿಟ್ಟರು, ಟೀವಿಗೆ ಬೆನ್ನು ಹಾಕಿ. ನೋಡಲು ಆಗುತ್ತಿರಲಿಲ್ಲ ಅವರಿಗೆ. ಚೆಂಡು ಬಲಗಡೆಗೆ ಎದ್ದಿತು. ಸ್ಟೇಡಿಯಂ ಪೂರ್ತಿ ಒಟ್ಟಿಗೆ ಎದ್ದದ್ದು ಕಾಣಿಸಿತು. ಧ್ವನಿ ಇಲ್ಲದ ಟೀವಿ, ನಾನು ಕೂಗಿದ್ದೇ ಮೊದಲ ಸದ್ದು. ಅಪ್ಪ ತಿರುಗುವಷ್ಟರಲ್ಲಿ ಚೆಂಡು ಬೇಲಿ ದಾಟಿ ಹೋಮ್ ರನ್ ಆಗಿಹೋಗಿತ್ತು. 2-1! ಗೆದ್ದೆವು, ಪ್ಲೇಆಫ್ ಸೇರಿದೆವು!

ಸ್ಟೇಡಿಯಂನಲ್ಲಿ ತಲೆ ನರೆತವರು ಮಕ್ಕಳ ಹಾಗೆ ಅಳುತ್ತಿದ್ದರು. ಗುರುತಿಲ್ಲದವರೂ ಅಪ್ಪಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲೂ ಅಷ್ಟೇ. ಯಾರೋ ಆರತಿ ತಟ್ಟೆ ಎತ್ತಿಕೊಂಡು ಬಂದರು. ಟೀವಿಗಾ, ಗೊಂಬೆಗಳಿಗಾ ಅಂತ ಯಾರೂ ಕೇಳಲಿಲ್ಲ. ಇನ್ನೊಂದು ಸಲ ಆರತಿ ಆಯಿತು.

ಆಗಲೇ ನನ್ನ ಕಣ್ಣು ಕೆಳಗಿನ ಮೆಟ್ಟಿಲಿಗೆ ಹೋಯಿತು. ನಿನಗೆ ಏಳು ವರ್ಷ ಇದ್ದಾಗ ಸ್ಟೇಡಿಯಂನಿಂದ ತಂದ, ನಮ್ಮ ತಂಡದ ಆಟಗಾರ ಇಚಿರೊನ ತಲೆಯಾಡಿಸುವ ಗೊಂಬೆ. ಚನ್ನಪಟ್ಟಣದ ಗೊಂಬೆಗಳ ಪಕ್ಕ ಅವನೂ ಕೂರಬೇಕು ಅಂತ ನೀನು ಹಟ ಮಾಡಿದ್ದು, ನಾನು ಬೇಡ ಅಂದದ್ದು, ಮೈಸೂರಿನಿಂದ ಬಂದಿದ್ದ ನಿನ್ನಜ್ಜಿ "ಇರಲಿ ಬಿಡೇ, ಮಗು ಗೊಂಬೆ" ಅಂದದ್ದು ನೆನಪಿದೆಯಾ? ಮೊಳಕೆ ರಾಗಿಯಲ್ಲಿ ಪಾರ್ಕ್ ಮಾಡುವ ಬದಲು ಅಜ್ಜಿಯೂ ನೀನೂ ಸೇರಿ ಅವನಿಗೆ ಆಟದ ಮೈದಾನ ಮಾಡಿದ್ದಿರಿ. ನಾಲ್ಕು ಬೇಸಿಗೂ ನಾಲ್ಕು ಬಿಳಿ ಗುಂಡಿ. ನೀನು ಹೋದ ಮೇಲೂ ನಾನು ಪ್ರತಿ ವರ್ಷ ರಾಗಿ ಬಿತ್ತುತ್ತೇನೆ. ಈ ಸಲ ಎರಡು ಅಂಗುಲ ಬಂದಿದೆ. ನಿನ್ನೆ ನಾವೆಲ್ಲ ಕುಣಿದ ಕುಣಿತಕ್ಕೆ ಮೆಟ್ಟಿಲು ಅದುರಿ, ಹಸಿರಿನ ನಡುವೆ ಅವನ ತಲೆ ತುಂಬಾ ಹೊತ್ತು ಅಲ್ಲಾಡುತ್ತಲೇ ಇತ್ತು.

ಆ ಭಾನುವಾರ ನೀನು ಸಾಕು ಅಂದದ್ದು ತಪ್ಪಲ್ಲ ಮಗಳೇ. ಅಷ್ಟು ಪ್ರೀತಿ ಇಟ್ಟವರಿಗೇ ಹಾಗೆ ಸಾಕಾಗುವುದು. ನಿನ್ನೆ ರಾತ್ರಿ ನೀನು ಎದ್ದೇ ಇದ್ದೆ ಅಂತ ಗೊತ್ತಾದಾಗ ನನಗೆ ಆದ ಖುಷಿ ಹೋಮ್ ರನ್ನಿಗಿಂತ ಜಾಸ್ತಿ.

ಫ್ರಿಜ್ಜಿನ ಹಾಳೆಯಲ್ಲಿ ಆ 1 ಹಾಗೇ ಬಿಟ್ಟಿದ್ದೇನೆ. ಅದನ್ನು ನೀನೇ ಬಂದು ಹೊಡೆಯಬೇಕು. ಬುಧವಾರ ವಿಜಯದಶಮಿ, ಪ್ಲೇಆಫ್‌ಗೆ ಮುಂಚಿನ ಸೀಸನ್ನಿನ ಕೊನೆಯ ಆಟವೂ ಅವತ್ತೇ. ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಿಕ್ಕವನ್ನೆಲ್ಲ ಪೆಟ್ಟಿಗೆಗೆ ಹಾಕುತ್ತೇನೆ. ಇಚಿರೊನನ್ನು ಮಾತ್ರ ಈ ಸಲ ಕಟ್ಟಿಡುವುದಿಲ್ಲ. ಟೀವಿ ಪಕ್ಕ ಇರಲಿ. ಅವನಿಗಿನ್ನೂ ಆಟ ಇದೆ.

ಸ್ವೆಟರ್ ಹಾಕಿಕೋ. ಉಸ್ಲಿ ಮಾಡಿಕೊಳ್ಳಲು ಇಂಗು, ಒಣಮೆಣಸಿನಕಾಯಿ ಪಾರ್ಸೆಲ್ ಕಳಿಸುತ್ತಿದ್ದೇನೆ.

ನಿನ್ನ ಅಮ್ಮ