ಹಳೆ ಬ್ಯಾಟರಿ ಮಕ್ಕಳ ಕೈಗೆ ಕೊಡಬೇಡಿ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಗುರುವಾರ ಎಂಟನೇ ತರಗತಿಯ ಇಬ್ಬರು ಹುಡುಗರು ವಿಜ್ಞಾನ ಮಾದರಿಗೆಂದು ರಿಮೋಟ್ ಕಾರಿನ ಹಳೆ ಬ್ಯಾಟರಿಯನ್ನು ಕಲ್ಲಿನಿಂದ ಜಜ್ಜಿ ತಂದಿದ್ದರು. ಒಳಗಿನ ಕಪ್ಪು ಪುಡಿ ಬೆರಳಿಗೆಲ್ಲ ಮೆತ್ತಿತ್ತು. ಊಟದ ಗಂಟೆಗೆ ಹತ್ತೇ ನಿಮಿಷವಿತ್ತು. ವಿಜ್ಞಾನದ ಮೇಡಂ ಕಣ್ಣಿಗೆ ಬಿದ್ದಿದ್ದರಿಂದ ಸೋಪು ಹಾಕಿ ಕೈ ತೊಳೆಸಿದರು. ಬ್ಯಾಟರಿಯ ಹೊದಿಕೆಯ ಮೇಲೆ ಗೀಟು ಹೊಡೆದ ಕಸದ ಬುಟ್ಟಿಯ ಚಿತ್ರ, ಅದರಡಿ ಇಂಗ್ಲಿಷಿನ ‘ಸಿ’ ಮತ್ತು ‘ಡಿ’ ಅಕ್ಷರಗಳು. ಅದು ಕ್ಯಾಡ್ಮಿಯಂ ಲೋಹದ ಗುರುತು. ಮಕ್ಕಳಿಗೆ ಏನೂ ಆಗಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕ್ಯಾಡ್ಮಿಯಂ ಸತುವಿನ ಅದಿರಿನ ಜೊತೆಗೇ ಸಿಗುವ ಮೆದು ಲೋಹ. 1817ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಸತುವಿನ ಸಂಯುಕ್ತವೊಂದನ್ನು ಪರೀಕ್ಷಿಸುವಾಗ ಇದನ್ನು ಕಂಡುಹಿಡಿದರು. ಹೆಸರು ಹೊಸದೆನಿಸಬಹುದು, ಆದರೆ ಮದುವೆಗೆ ಒಡವೆ ಮಾಡಿಸಿದವರೆಲ್ಲ ‘ಕೆಡಿಎಂ ಚಿನ್ನ’ ಎಂಬ ಮಾತು ಕೇಳಿರುತ್ತೀರಿ. ಅದರ ಮೂಲ ಕ್ಯಾಡ್ಮಿಯಮ್ಮೇ. ಹಿಂದೆ ತಾಮ್ರ ಬೆರೆಸಿದ ಬೆಸುಗೆ ಹಾಕಿದರೆ ಒಡವೆ ಕರಗಿಸಿದಾಗ ಚಿನ್ನದ ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಲ್ಲಿ ಹಾಗಾಗದು, ಏಕೆಂದರೆ ಬೆಂಕಿಯ ಬಿಸಿಗೆ ಅದು ಆವಿಯಾಗಿ ಹೋಗುತ್ತದೆ. ಹೋಗುವುದೆಲ್ಲಿಗೆ? ಊದುಗೊಳವೆ ಹಿಡಿದು ಕುಳಿತವರ ಶ್ವಾಸಕೋಶಕ್ಕೆ. ಒಡವೆ ತೊಟ್ಟವರಿಗಿಂತ ಮಾಡಿದವರಿಗೇ ಕೇಡು. ನಮ್ಮ ಮಕ್ಕಳಲ್ಲಿ ಅಕ್ಕಸಾಲಿಗರ ಮನೆಯವರೂ ಇದ್ದಾರೆ. ಬೆಸುಗೆಯ ಹೊತ್ತಿನಲ್ಲಿ ಮಕ್ಕಳನ್ನು ಆ ಕೋಣೆಯಲ್ಲಿ ಓದಲು ಕೂರಿಸಬೇಡಿ. ಸಾಧ್ಯವಾದರೆ ಕ್ಯಾಡ್ಮಿಯಂ ಇಲ್ಲದ ಬೆಸುಗೆಗೇ ಬದಲಾಯಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ದೇಹಕ್ಕೆ ಸೇರಿದ ಕ್ಯಾಡ್ಮಿಯಂ ಬೇಗ ಹೊರಹೋಗದು. ಮೂತ್ರಪಿಂಡದಲ್ಲಿ ಕೂತರೆ ಅದರ ಅರ್ಧದಷ್ಟು ಕಳೆಯಲು 10ರಿಂದ 30 ವರ್ಷ ಬೇಕು. ಜಪಾನಿನ ಟೊಯಾಮಾ ಪ್ರಾಂತ್ಯದ ಜಿಂಝು ನದಿಗೆ ಕಾಮಿಯೋಕಾ ಗಣಿಯಿಂದ ಇದು ಹರಿದು ಬಂದು ಭತ್ತದ ಗದ್ದೆಗಳನ್ನು ಸೇರಿತು. ಆ ಅನ್ನ ಉಂಡವರಲ್ಲಿ, ಅದರಲ್ಲೂ ಹೆತ್ತು ಸೊರಗಿದ ಹೆಂಗಸರಲ್ಲಿ, ಮೂಳೆ ಮೆತ್ತಗಾಗಿ ಕೆಮ್ಮಿದರೂ ಮುರಿಯುವಂತಾಯಿತು. ಅವರ ನರಳಾಟವೇ ರೋಗದ ಹೆಸರಾಯಿತು: ‘ಇತಾಯಿ ಇತಾಯಿ’, ಎಂದರೆ ‘ನೋವು, ನೋವು’. ಅದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ಅಪ್ಪಂದಿರಿಗೆ ಒಂದು ಮಾತು. ತಂಬಾಕಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಬೀಡಿ, ಸಿಗರೇಟು ಸೇದುವವರ ಮೈಯಲ್ಲಿ ಅದು ಹೆಚ್ಚಿರುವುದು ಇದರಿಂದಲೇ. ಮಗುವಿನ ಎದುರು ದಯವಿಟ್ಟು ಸೇದಬೇಡಿ. ಇನ್ನು ಹೆಣ್ಣುಮಕ್ಕಳ ತಾಯಂದಿರೇ, ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರಿಕೊಳ್ಳುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ‘ಹೊಟ್ಟೆ ತೊಳಸುತ್ತೆ’ ಎಂದು ಬಿಡಿಸಬೇಡಿ, ಊಟವಾದ ಮೇಲೆಯೇ ಕೊಡುತ್ತೇವೆ.

ಗೋಡೆ ಗಡಿಯಾರದ ಸಾಮಾನ್ಯ ಸೆಲ್ಲುಗಳಲ್ಲಿ ಈ ಭಯವಿಲ್ಲ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುವುದು ಚಾರ್ಜ್ ಮಾಡುವಂಥ ಹಳೆ ಸಾಮಾನುಗಳಲ್ಲಿ: ಕಾರ್ಡ್‌ಲೆಸ್ ಫೋನು, ಡ್ರಿಲ್ ಯಂತ್ರ, ಕೆಲವು ಆಟಿಕೆಗಳು. ಅವನ್ನು ಒಡೆಯಬೇಡಿ, ಒಲೆಗೆ ಹಾಕಬೇಡಿ, ಕಸದ ರಾಶಿಯ ಜೊತೆ ಸುಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆ ಬ್ಯಾಟರಿ ಹಿಂಪಡೆಯುವ ಹೊಣೆ ತಯಾರಕರದು. ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ.

ಕಚೇರಿಯ ಬಾಗಿಲ ಬಳಿ ಮುಚ್ಚಳವಿರುವ ನೀಲಿ ಡಬ್ಬಿ ಇಟ್ಟಿದ್ದೇವೆ. ಮಕ್ಕಳ ಕೈಲಿ ಕಳಿಸದೆ, ಶನಿವಾರದ ಪೋಷಕರ ಸಭೆಗೆ ಬರುವಾಗ ನೀವೇ ತಂದು ಹಾಕಿ. ನಾನು ಅಲ್ಲೇ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ